ನುಣುಪು ಚಿತ್ರ

ಲೇಸರ್ ಸೂಕ್ಷ್ಮದರ್ಶಕದ ಸಂಕೇತ ಹಿಗ್ಗಿಸಲು ವೇಗದ್ದು, ನಿಧಾನದ್ದು ಎಂಬ ಎರಡು ಪ್ರಿಆಂಪ್ಲಿಫೈಯರ್‌ಗಳಲ್ಲಿ ಒಂದನ್ನು ಆರಿಸಬೇಕಿತ್ತು. ವೇಗದ್ದನ್ನು ಜೋಡಿಸಿದಾಗ ಪರದೆಯಲ್ಲಿ ನರಕೋಶ ಕಾಳುಕಾಳಾಗಿ ಮಿನುಗಿತು. ನಿಧಾನದ್ದರಲ್ಲಿ ನುಣ್ಣಗೆ, ಸ್ಥಿರವಾಗಿ ಕಂಡಿತು.

"ಇದೇ ಇರ್ಲಿ, ಚಿತ್ರ ನೀಟಾಗಿದೆ," ಎಂದರು ಸಂಶೋಧನಾ ಸಂಸ್ಥೆಯ ನಿರ್ದೇಶಕರು.

"ಸಾರ್, ಆ ಮಿನುಗಿನಿಂದ್ಲೇ ಕೋಶ ಬದುಕಿದೆ ಅಂತ ಗೊತ್ತಾಗೋದು. ನಿಧಾನದ್ದು ಅದನ್ನೇ ಅಳಿಸಿಬಿಡುತ್ತೆ," ಎಂದಳು ಸಂಶೋಧಕಿ ಶಾರ್ವರಿ.

"ಅನುದಾನ ಕೊಡೋರಿಗೆ ಕಾಳುಕಾಳು ತೋರ್ಸೋಕಾಗುತ್ತೇನಮ್ಮಾ?"

ನಿಧಾನದ್ದೇ ಬಂತು.

ತಿಂಗಳೊಪ್ಪತ್ತಿನಲ್ಲಿ ಅನುದಾನ ಸಮಿತಿಯ ಅಧ್ಯಕ್ಷರು ಬಂದರು. "ಜೀವಂತ ನರಕೋಶ ಸಾರ್, ನಮ್ಮ ಸಂಸ್ಥೆಯ ಹೆಮ್ಮೆ!" ಎಂದು ನಿರ್ದೇಶಕರು ಪರದೆ ತೋರಿಸಿ ಬೀಗಿದರು.

ಅಧ್ಯಕ್ಷರು ಕಣ್ಣರಳಿಸಿ ಶಾರ್ವರಿಯತ್ತ ತಿರುಗಿದರು. "ಅದ್ಭುತ! ಎಷ್ಟು ಹೊತ್ತು ಬದುಕಿರುತ್ತಮ್ಮಾ ಇದು?"

"ಬೆಳಿಗ್ಗೇನೇ ಸತ್ತೋಯ್ತು ಸಾರ್."