ಒಂದು ಸೌಟು ಎಣ್ಣೆ

ಜೇವರ್ಗಿ ಕಾಲೋನಿಯ ನಮ್ಮ ಅಡುಗೆಮನೆಯಲ್ಲಿ ಚಕ್ಕಲಿ ಹಿಟ್ಟಿಗೆ ಕಾದ ಎಣ್ಣೆ ಸುರಿದಾಗಲೆಲ್ಲ ಕಮಲಾಪುರದ ಅಜ್ಜಿಮನೆಯ ಆ ಮಧ್ಯಾಹ್ನ ಮೂಗಿಗೆ ಬಡಿಯುತ್ತದೆ.

ಅಂದು ಅಜ್ಜಿ ಚಕ್ಕಲಿ ಒರಳು ಕೊಟ್ಟದ್ದು ನನಗಲ್ಲ, ನನಗಿಂತ ಚಿಕ್ಕವಳಾದ ಕಾಕಾನ ಮಗಳು ಸುಮಾಳಿಗೆ.

"ನೋಡು, ಮುಳ್ಳು ಹೆಂಗ ಎದ್ದಾವ! ಈಕಿ ಕೈಗುಣ ಯಾರಿಗೂ ಇಲ್ಲ," ಎಂದಳು ಅಜ್ಜಿ.

ಬಾಣಲೆಯ ಕೆಳಗಿನ ಉರಿ ನನ್ನ ಹೊಟ್ಟೆಗೇ ಬಿದ್ದಂತಾಯಿತು. ಕರಿದದ್ದನ್ನು ಡಬ್ಬಿಗೆ ತುಂಬಲು ಇಬ್ಬರೂ ಒಳಗೆ ಹೋದಾಗ, ಉಳಿದ ಹಿಟ್ಟಿಗೆ ಒಂದು ಸೌಟು ಹಸಿ ಎಣ್ಣೆ ಸುರಿದು ಕಲಸಿಬಿಟ್ಟೆ. ಎಣ್ಣೆ ಹೆಚ್ಚಾದರೆ ಚಕ್ಕಲಿ ಬಾಣಲೆಯಲ್ಲೇ ಪುಡಿಯಾಗುತ್ತದೆಂದು ಅಜ್ಜಿಯೇ ಹೇಳಿದ್ದಳು.

ಹಿಂತಿರುಗಿದ ಅಜ್ಜಿ ಹಿಟ್ಟು ಮುಟ್ಟಿದಳು, ಹೊಳೆಯುತ್ತಿದ್ದ ನನ್ನ ಬೆರಳು ನೋಡಿದಳು. ಒರಳನ್ನು ತಂದು ನನ್ನ ಕೈಗಿಟ್ಟಳು.

"ತಗೋ ಅವ್ವಾ, ಉಳದದ್ದೆಲ್ಲ ನೀನೇ ಒತ್ತು. ನಾವು ಕುಂತು ನೋಡ್ತೀವಿ."