ಮೊದಲ ಬಾಚಣಿಗೆಯ ಹನ್ನೊಂದು ಹಲ್ಲು

ತಜ್ಞೆ ಹಲ್ಲು ಎಣಿಸುತ್ತಿದ್ದರು. ಒಂದೊಂದಕ್ಕೂ ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು. ಪಕ್ಕದಲ್ಲಿ ನಿಂತಿದ್ದ ಕಾವಲಿನವಳಿಗೆ ತನ್ನ ಬಾಯಿಯ ಹಲ್ಲುಗಳನ್ನೇ ಯಾರೋ ಅಲ್ಲಾಡಿಸಿ ನೋಡುತ್ತಿರುವಂತೆ ಅನಿಸಿತು.

‘ಜಗತ್ತಿನ ಮೊದಲ ಬಾಚಣಿಗೆ. ಹುಟ್ಟಿದ್ದು ಇದೇ ಊರಿನಲ್ಲಿ’ ಎನ್ನುತ್ತಿತ್ತು ಗಾಜಿನ ಪೆಟ್ಟಿಗೆಯ ಮೇಲಿನ ಫಲಕ. ರೈಲು ನಿಲ್ದಾಣದಲ್ಲಿ ‘ಬಾಚಣಿಗೆಯ ತವರು’ ಎಂಬ ಬೋರ್ಡು ನಿಲ್ಲಿಸಬೇಕೆಂದು ಪುರಸಭೆಗೆ ಹುರುಪು ಹತ್ತಿತ್ತು. ಅದಕ್ಕೆ ತಜ್ಞರ ಪ್ರಮಾಣಪತ್ರ ಬೇಕಿತ್ತು. ಸಹಿ ಬಿದ್ದರೆ ಊರಿಗೆ ಬೋರ್ಡು. ಬೀಳದಿದ್ದರೆ ಕಾವಲಿನವಳಿಗೆ ಮನೆಯ ದಾರಿ.

ಏಕೆಂದರೆ ಜಗತ್ತಿನ ಮೊದಲ ಬಾಚಣಿಗೆಯನ್ನು ಮಾಡಿದ್ದು ಅವಳೇ. ಆರು ವರ್ಷದ ಹಿಂದೆ, ಅತ್ತೆ ಮನೆಯ ಹಿತ್ತಲಿನಲ್ಲಿ ಕೂತು.

ಆವತ್ತು ಮಧ್ಯಾಹ್ನ ಸಂಗ್ರಹಾಲಯಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಧೂಳೊರೆಸಲು ಪೆಟ್ಟಿಗೆ ತೆರೆದಳು. ಬಾಚಣಿಗೆ ಅಂಗೈಯಲ್ಲಿ ಹಗುರಾಗಿ ಕೂತಿತು. ಇದನ್ನು ಮೊದಲು ತಲೆಗೆ ಇಟ್ಟವಳು ಯಾರಿರಬಹುದು? ಸಿಕ್ಕು ಬಿಡಿಸಿಕೊಂಡು ನೀರಿನಲ್ಲಿ ಮುಖ ನೋಡಿಕೊಂಡಿರಬೇಕು. ಅಷ್ಟರಲ್ಲಿ ಗುಹೆಯೊಳಗಿಂದ ಅವಳ ಅತ್ತೆ, ‘ಎಷ್ಟು ಹೊತ್ತೇ ನಿನ್ನ ಸಿಂಗಾರ?’ ಎಂದು ಕೂಗಿರಬೇಕು. ಕಾವಲಿನವಳಿಗೆ ನಗು ಬಂತು. ಜಡೆ ಬಿಚ್ಚಿದಳು. ವರ್ಷಗಳಿಂದ ಯಾರೂ ಕಣ್ಣೆತ್ತಿ ನೋಡದ ಕೂದಲು ಸೊಂಟದವರೆಗೆ ಇಳಿಯಿತು. ಒಮ್ಮೆ ಎಳೆದಳು. ಹಾಯೆನಿಸಿತು. ಇನ್ನೊಮ್ಮೆ ಎಳೆದಳು.

ಕಟಕ್! ಬಾಚಣಿಗೆ ಎರಡು ಹೋಳು.

ಬಾಚಣಿಗೆ ಕೊಯ್ಯುವವನ ಮಗಳಾಗಿ ಹುಟ್ಟಿದ್ದರಿಂದ ಬಚಾವಾದಳು. ಅಪ್ಪನ ಹಳೆಯ ಗರಗಸ ಹುಡುಕಿ, ಅದೇ ಅಳತೆಗೆ ಹನ್ನೊಂದು ಹಲ್ಲು ಕೊಯ್ದಳು, ಉಜ್ಜಿದಳು, ಮೂರು ದಿನ ಚಹಾದ ನೀರಿನಲ್ಲಿ ನೆನೆಸಿದಳು, ಒಲೆಯ ಮೇಲೆ ತೂಗುಹಾಕಿ ಹೊಗೆ ಕುಡಿಸಿದಳು. ವಾರದೊಳಗೆ ಅದಕ್ಕೆ ಸಾವಿರಾರು ವರ್ಷ ತುಂಬಿತು. ಮನೆಯಲ್ಲಿ ಅವಳು ಆರು ಜನರ ಕೂಗಿಗೆ ಓಗೊಡುವವಳು. ತನ್ನದು ಅನ್ನುವಂಥ ಒಂದು ಕುರ್ಚಿ ಇದ್ದದ್ದು ಇಲ್ಲಿ ಮಾತ್ರ. ಅದನ್ನು ಒಂದು ಬಾಚಣಿಗೆಗೆ ಬಿಟ್ಟುಕೊಡುವುದುಂಟೇ?

ಈಗ ಆ ಕುರ್ಚಿ ಗಡಗಡ ಅನ್ನುತ್ತಿತ್ತು. ಈ ತಜ್ಞೆ ಸಾಮಾನ್ಯದವರಲ್ಲ. ಹತ್ತಿ ಬರುವಾಗ ಮುರುಕಲು ಮೂರನೇ ಮೆಟ್ಟಿಲನ್ನು ಯಾರೂ ಹೇಳದೆಯೇ ದಾಟಿದ್ದರು. ಪೆಟ್ಟಿಗೆಯ ಹಟಮಾರಿ ಬೀಗವನ್ನು ಸ್ವಲ್ಪ ಎತ್ತಿ ತಿರುಗಿಸಿ ಒಂದೇ ಏಟಿಗೆ ತೆರೆದಿದ್ದರು. ಎಂಥ ಚುರುಕು ಕಣ್ಣು!

“ಹಲ್ಲೆಲ್ಲಾ ಎಡಕ್ಕೆ ವಾಲಿವೆ,” ಎಂದರು ತಜ್ಞೆ. “ಮಾಡಿದವರು ಎಡಚರು.”

ಕಾವಲಿನವಳು ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿದಳು.

“ನೋಡಿದ್ರಾ! ಪ್ರಪಂಚದ ಮೊದಲ ಎಡಚನೂ ನಮ್ಮೂರವನೇ!” ಎಂದು ಪುರಸಭೆಯ ಅಧ್ಯಕ್ಷರು ಕುಣಿದರು. ಈ ಸಂಗ್ರಹಾಲಯ ಕಟ್ಟಿದವರ ಮಗ ಅವರು. ತಲೆ ತಾಮ್ರದ ಚೊಂಬಿನಂತೆ ನುಣ್ಣಗೆ. ಬಾಚಣಿಗೆಗೆ ಇವರಿಗಿಂತ ನಿರಪಾಯಕಾರಿ ಯಜಮಾನ ಸಿಗಲಾರನೆಂದು ಊರೇ ನಗುತ್ತಿತ್ತು. ಬೆಳಗಿನಿಂದ ಆ ಬೋಳುತಲೆ ಬೆವರುತ್ತಲೇ ಇತ್ತು. “ಸಾಕಲ್ವಾ ಮೇಡಂ? ಜಾಸ್ತಿ ಕೆದಕೋದು ಬೇಡ. ಪಾಪ, ವಯಸ್ಸಾದ ವಸ್ತು.”

“ಪತ್ರಕ್ಕೆ ನಿಮ್ಮ ಮೊಹರು ಬೇಕು ಸರ್. ತರ್ತೀರಾ?”

ಅಧ್ಯಕ್ಷರು ಕೆಳಗಿಳಿದರು. ತಜ್ಞೆ ಬಾಗಿಲು ಮುಂದೆ ಮಾಡಿ ತಿರುಗಿದರು.

“ನಾನು ನೋಡಿದ್ದ ಬಾಚಣಿಗೆ ಇದಲ್ಲ.”

“ಒಂದೇ ಒಂದ್ಸಲ ಬಾಚ್ಕೊಂಡೆ ಮೇಡಂ,” ಎಂದು ಕಾವಲಿನವಳು ತೊದಲಿದಳು. “ಎರಡು ಸಲ. ಮುರಿದೋಯ್ತು. ಈ ಕೆಲಸ ಒಂದು ತೆಗೀಬೇಡಿ. ಬೋರ್ಡು ಹೋದ್ರೆ ಊರಿನೋರು ನನ್ನ ಚರ್ಮ ಸುಲೀತಾರೆ.”

ತಜ್ಞೆ ಅವಳನ್ನೇ ದಿಟ್ಟಿಸಿದರು. ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಯೇ? ಇಲ್ಲ, ನಗುತ್ತಿದ್ದರು.

“ಅಯ್ಯೋ ಮಾರಾಯ್ತಿ, ನೀನು ಮುರಿದದ್ದು ನಂದು!”

“ನಿಮ್ದಾ?”

“ಮೂವತ್ತು ವರ್ಷದ ಹಿಂದೆ ಕೆಳಗೆ ಟಿಕೆಟ್ ಹರೀತಿದ್ದೆ. ಮೂರೇ ತಿಂಗಳು. ಆಗ ನನ್ನ ಕೂದಲು ನೋಡ್ಬೇಕಿತ್ತು ನೀನು, ಮೊಣಕಾಲು ಮುಟ್ಟೋದು! ಯಾರೂ ಇಲ್ಲ ಅಂತ ಒಂದ್ಸಲ ಎಳೆದೆ. ಚೂರುಚೂರು. ಪಕ್ಕದೂರಿನ ಬಡಗಿ ಕೈಲಿ ಮಾಡ್ಸಿಟ್ಟು ಓಡಿಹೋದೆ. ಸಿಕ್ಕಿಬಿದ್ರೆ ಹೇಗೆ ತಪ್ಪಿಸ್ಕೊಳ್ಳೋದು ಅಂತ ಹಳೇ ಬಾಚಣಿಗೆಗಳ ಬಗ್ಗೆ ಓದೋಕೆ ಶುರುಮಾಡಿದ್ದು. ಓದ್ತಾ ಓದ್ತಾ ತಜ್ಞೆ ಆಗ್ಬಿಟ್ಟೆ!” ಅವರು ಕಣ್ಣೊರೆಸಿಕೊಂಡರು. “ಆ ದರಿದ್ರ ಬಡಗಿ ಹನ್ನೊಂದೇ ಹಲ್ಲು ಇಟ್ಟಿದ್ದ. ನಿಂದು ಅವನದಕ್ಕಿಂತ ಎಷ್ಟೋ ವಾಸಿ ಕಣೇ.”

ಕಾವಲಿನವಳಿಗೆ ಮೊದಲು ಬಿಕ್ಕಳಿಕೆ ಬಂತು, ಆಮೇಲೆ ನಗು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದು, ಬಾಯಿಗೆ ಕೈ ಅಡ್ಡ ಇಟ್ಟು, ಶಾಲೆಯ ಹುಡುಗಿಯರಂತೆ ನಕ್ಕರು.

“ಪತ್ರದಲ್ಲಿ ಏನು ಬರೀತೀರಿ?”

“ನಿಜಾನೇ. ‘ಕೈಕೆಲಸ ಇದೇ ಊರಿನದು. ಮಾಡಿದವರು ಎಡಚರು.’ ವಯಸ್ಸು ಮಾತ್ರ ಬರೆಯಲ್ಲ. ಹೆಂಗಸಿನ ವಯಸ್ಸು ಕೇಳ್ಬಾರದು.”

“ಹಾಗಾದ್ರೆ ಅಸಲಿ ಬಾಚಣಿಗೆಗೆ ಎಷ್ಟು ಹಲ್ಲಿತ್ತು ಮೇಡಂ?”

“ಹನ್ನೆರಡು. ನಾನೇ ಎಣಿಸಿ ಮುರಿದಿದ್ದೀನಲ್ಲ!”

ಬಾಗಿಲು ಕಿರ್ರೆಂದಿತು. ಮೊಹರು ಹಿಡಿದು ಅಧ್ಯಕ್ಷರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಇಬ್ಬರೂ ಥಟ್ಟನೆ ದೂರ ಸರಿದು ನಿಂತರು. ಅಧ್ಯಕ್ಷರು ಮೇಜಿನ ಬಳಿಗೆ ನಡೆದು, ಪತ್ರ ಎಳೆದುಕೊಂಡು, ಠಪ್ ಎಂದು ಮೊಹರು ಒತ್ತಿದರು. ಆಮೇಲೆ ತಲೆ ತಗ್ಗಿಸಿ, ನುಣ್ಣನೆಯ ನೆತ್ತಿಯನ್ನು ಮೆಲ್ಲಗೆ ಸವರಿಕೊಂಡರು.

“ಹನ್ನೆರಡಲ್ಲ, ಹದಿಮೂರು. ಆಗ ನನ್ನ ತಲೇಲಿ ಗುಂಗುರು ಕೂದಲಿತ್ತು.”