ಹಿಡಿಕೆ ಎಳೆದವರು

ರನ್‌ವೇ ಎದುರಿಗೇ ಕಾಣುತ್ತಿತ್ತು. ಗಾಳಿ ಜೋರಾಗಿದೆ, ಇನ್ನೊಂದು ಸುತ್ತು ಹಾಕಿ ಇಳಿಯೋಣ ಎಂದು ಸಹ ಪೈಲಟ್ ಸುಧನ್ವ ಹೇಳಿದ್ದಕ್ಕೆ ಕ್ಯಾಪ್ಟನ್ ಮಾಚಯ್ಯ ಒಪ್ಪಿರಲಿಲ್ಲ.

ಇಳಿಯಬೇಕಿದ್ದ ವಿಮಾನ ಇದ್ದಕ್ಕಿದ್ದಂತೆ ಮೂತಿ ಎತ್ತತೊಡಗಿತು. ಮಾಚಯ್ಯ ತನ್ನ ಮುಂದಿದ್ದ ಹಿಡಿಕೆಯನ್ನು ಬಲವಾಗಿ ಮುಂದಕ್ಕೆ ಒತ್ತಿದ. ಯಾರೋ ಎಳೆದಂತೆ ಅದು ಹಿಂದಕ್ಕೇ ಬಂತು. ಸುಧನ್ವನ ಮುಂದೆಯೂ ಅಂಥದೇ ಇನ್ನೊಂದು ಹಿಡಿಕೆ ಇತ್ತು; ಒಂದನ್ನು ಎಳೆದರೆ ಇನ್ನೊಂದೂ ಜೊತೆಗೇ ಹಿಂದಕ್ಕೆ ಬರುತ್ತಿತ್ತು. ಇವನು ತನ್ನ ಹಟ ಸಾಧಿಸುತ್ತಿದ್ದಾನೆ ಎಂದುಕೊಂಡ ಮಾಚಯ್ಯ.

"ಬಿಡೋ ಅದನ್ನ! ಇಳಿಸ್ತಿರೋದು ನಾನು!"

"ಸರ್, ಒಂದ್ನಿಮಿಷ..." ಎನ್ನುತ್ತ ಸುಧನ್ವ ಕೈ ಚಾಚಿದ.

ಮಾಚಯ್ಯ ಮೊಣಕೈಯಿಂದ ಅವನ ಮುಖಕ್ಕೆ ಗುದ್ದಿದ. ಮೂಗು ಮುರಿದು ರಕ್ತ ಚಿಮ್ಮಿತು. ಕೈ ಮತ್ತೆ ಮುಂದೆ ಬಂದಾಗ ಇನ್ನೂ ಜೋರಾಗಿ ಗುದ್ದಿದ. ಸುಧನ್ವನ ತಲೆ ಕಿಟಕಿಗೆ ಬಡಿದು ಪಕ್ಕಕ್ಕೆ ವಾಲಿತು.

ಅಷ್ಟರಲ್ಲಿ ವಿಮಾನದ ಮೂತಿ ಆಕಾಶ ನೋಡುತ್ತಿತ್ತು. ವೇಗ ಕುಸಿದು ಅದು ರನ್‌ವೇ ಪಕ್ಕದ ಬಯಲಿಗೆ ಕಲ್ಲಿನಂತೆ ಬಿತ್ತು.

ರೆಕ್ಕೆಗಳು ಹೊತ್ತಿ ಉರಿದವು. ಹಿಂದಿನಿಂದ ಕೇಳುತ್ತಿದ್ದ ಪ್ರಯಾಣಿಕರ ಚೀತ್ಕಾರಗಳು ಒಂದೊಂದಾಗಿ ನಿಂತುಹೋದವು. ಕಾಲುಗಳು ನಜ್ಜುಗುಜ್ಜಾಗಿ ಸೀಟಿನಲ್ಲಿ ಸಿಕ್ಕಿಕೊಂಡಿದ್ದ ಮಾಚಯ್ಯ, ಆಗಷ್ಟೇ ಕಣ್ಣು ತೆರೆದ ಸುಧನ್ವನ ಕಾಲರ್ ಹಿಡಿದು ಜಗ್ಗಿದ.

"ಅಷ್ಟೂ ಜನರನ್ನ ಕೊಂದ್ಯಲ್ಲೋ! ಯಾಕೋ ಎಳೆದೆ?"

ಸುಧನ್ವ ಬಾಯಿಗಿಳಿದ ರಕ್ತವನ್ನು ಉಗಿದ.

"ಎಳೆದಿದ್ದು ನಾನಲ್ಲ ಸರ್, ಆಟೊಪೈಲಟ್. ನಿಮ್ಮ ಕೈ ಸ್ವಿಚ್‌ಗೆ ತಾಗಿ ಅದು ಮೇಲೇರೋ ಮೋಡ್‌ಗೆ ಹೋಗಿತ್ತು. ಆಫ್ ಮಾಡೋಕೆ ಅಂತ ಕೈ ಚಾಚಿದಾಗಲೇ ನೀವು ಹೊಡೆದಿದ್ದು."